ದೀಪಾಲಿಯ ನಾಲ್ಕನೇ ಮೀಡಿಯಂ

ಏಪ್ರಿಲ್ ೧೪
ಚಹಾ, ಪೇಪರು, ಬಾಲ್ಕನಿಯ ಗಿಡಗಳಿಗೆ ನೀರು. ಆಮೇಲೆ ನೆಹರು ನಗರದ ದವಾಖಾನೆ. ತಂಗಿ ಶೀತಲ ಖಾನಾಪುರದಿಂದ ಮಗಳನ್ನು ಕರೆತಂದಿದ್ದಳು. ದೀಪಾಲಿ ಎಂಟನೇ ತರಗತಿ ಮುಗಿಸಿದ್ದಾಳೆ. ಒಂದು ಸಾಲು ಓದಲು ಬೆವರುತ್ತಾಳೆ. ಡಾಕ್ಟರ್ ಹೇಳಿದರು — ಡಿಸ್ಲೆಕ್ಸಿಯಾ, ಅಕ್ಷರ ಓದುವುದರಲ್ಲಿನ ತೊಂದರೆ. ದಡ್ಡತನ ಅಲ್ಲ, ಸೋಮಾರಿತನವೂ ಅಲ್ಲ. ಶೀತಲ ಅತ್ತಳು. ದೀಪಾಲಿ ಕ್ಯಾಂಟೀನ್ ಎಲ್ಲಿ ಅಂತ ಕೇಳಿದಳು.

ಏಪ್ರಿಲ್ ೨೦
ಖಾನಾಪುರ. ತಂಗಿಯ ಗಂಡ ಜಿನಪ್ಪನ ಹಾರ್ಡ್‌ವೇರ್ ಅಂಗಡಿ.
“ಬರ್ರಿ ಪ್ರೊಫೆಸರ್, ಕುಂದರ್ರಿ.”
ವಿವರಿಸಿದೆ. ಪೂರ್ತಿ ಕೇಳಿಸಿಕೊಂಡ.
“ಅಂಥಾದ್ದೇನ ಇಲ್ರಿ. ಮೀಡಿಯಂ ಗೊಂದಲ ಅದು. ಮನ್ಯಾಗೊಂದು, ಸಾಲ್ಯಾಗೊಂದು.”
ಈ ಊರಲ್ಲಿ ಹೀಗೇ. ಮಗು ಓದದಿದ್ದರೆ ಮೀಡಿಯಂ ಬದಲಿಸುವುದು. ದೀಪಾಲಿ ಮೊದಲು ಮರಾಠಿ, ಆಮೇಲೆ ಇಂಗ್ಲಿಷ್, ಈಗ ಕನ್ನಡ. ಮೂರನ್ನೂ ಅರಳು ಹುರಿದ ಹಾಗೆ ಮಾತಾಡುತ್ತಾಳೆ.

ಜೂನ್ ೨
ದೀಪಾಲಿಯನ್ನು ಕರೆದುಕೊಂಡು ಅವಳ ಕನ್ನಡ ಶಾಲೆಗೆ ಹೋಗಿದ್ದೆ. ನಾಗಲಿಂಗ ಮಾಸ್ತರರು ಡಾಕ್ಟರರ ರಿಪೋರ್ಟು ಓದಿ ಕನ್ನಡಕ ತೆಗೆದರು.
“ಇಷ್ಟ ದಿನಾ ಬೈದೇನಲ್ರಿ ಹುಡಿಗಿಗೆ... ಇರ್ಲಿ. ಇನ್ನ ಪ್ರಶ್ನಿ ನಾ ಓದ್ತೀನಿ, ಆಕಿ ಬಾಯಿಲೆ ಹೇಳ್ಲಿ.”
ಅಲ್ಲೇ ಒಂದು ಪ್ರಶ್ನೆ ಕೇಳಿದರು. ಫಟ್ ಅಂತ ಹೇಳಿದಳು. ಇಬ್ಬರೂ ನಕ್ಕರು. ಇದು ಎಷ್ಟು ದಿನವೋ ಅಂತ ನನಗೇಕೋ ಭಯವಾಯಿತು.

ಜೂನ್ ೧೪
ಖಾನಾಪುರದಲ್ಲಿ ಪಾಲಕರ ಸಭೆ. ಡಿಸ್ಲೆಕ್ಸಿಯಾ ಕುರಿತು ನನ್ನ ಭಾಷಣ. ಮೊದಲ ಸಾಲಲ್ಲಿ ಜಿನಪ್ಪ, ಇಸ್ತ್ರಿಯ ಅಂಗಿ. ಕೊನೆಗೆ ಎದ್ದು ಕೇಳಿದ:
“ಮನಿ ಭಾಷಾದಾಗ ಕಲ್ಯೂದು ಚಲೋ, ಖರೇ ಅಲ್ರೀ?”
“ಹೌದು, ಆದರೆ —” ಅಂದೆ. ಚಪ್ಪಾಳೆ ಬಿತ್ತು. ‘ಆದರೆ’ಯ ಮುಂದಿನದನ್ನೂ ಹೇಳಿದೆ, ಭಾಷೆ ಬದಲಿಸಿದರೆ ಡಿಸ್ಲೆಕ್ಸಿಯಾ ಹೋಗುವುದಿಲ್ಲ ಅಂತ, ಮೈಕಿನಲ್ಲೇ. ಅಷ್ಟರಲ್ಲಿ ಚಹಾ ಬಂತು.

ಜೂನ್ ೨೩
ಶೀತಲಳ ಫೋನ್. ಟಿಸಿ ತೆಗೆಸಿ ಆಗಿದೆ. ಮತ್ತೆ ಮರಾಠಿ ಶಾಲೆ — ಜಿನಪ್ಪನ ತಾಯಿ ಮನೆಯಲ್ಲಿ ಆಡುವ ಭಾಷೆ.
ಜಿನಪ್ಪನೇ ಫೋನ್ ತೆಗೆದುಕೊಂಡ. “ಎಲ್ಲಾರ ಮುಂದ ನೀವ ಹೌದ ಅಂದ್ರಲ್ಲ ಪ್ರೊಫೆಸರ್. ನಿಮ್ಮ ಮಾತ ಮೀರಿಲ್ಲ ನಾ.”
ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಜೂನ್ ೨೬
ಹೊಸ ಶಾಲೆಯ ಹೆಡ್‌ಮಾಸ್ತರರು ಸಭ್ಯರು. “ನಮ್ಮಲ್ಲಿ ಎಲ್ಲಾರೂ ಎದ್ದ ನಿಂತ ಓದಬೇಕ್ರಿ. ಒಬ್ಬಾಕಿಗೆ ಬ್ಯಾರೆ ಹೆಂಗ?” ರಿಪೋರ್ಟು ಇಟ್ಟುಕೊಂಡರು. ನೋಡುತ್ತಾರಂತೆ.

ಜೂನ್ ೨೯
ದೀಪಾಲಿ ಜಗಲಿಯಲ್ಲಿ ಹೊಸ ಪುಸ್ತಕಗಳಿಗೆ ಖಾಕಿ ಹೊದಿಕೆ ಹಾಕುತ್ತಿದ್ದಳು.
“ಮಾಮಾ, ಮೊದಲನೇ ಪಾಠ ಓದ್ರಿ. ಬಾಯಿಪಾಠ ಮಾಡ್ತೀನಿ. ನಾಳೆ ಪುಸ್ತಕಾ ಹಿಡ್ಕೊಂಡ ನಿಂತ ಹೇಳಿದ್ರಾತು, ಓದಿದಂಗ ಕಾಣ್ತೈತಿ.”
ಬೇಡ ಅನ್ನಬೇಕಿತ್ತು. ಓದಿದೆ. ಅವಳು ಪುಟ ನೋಡಲೇ ಇಲ್ಲ, ನನ್ನ ತುಟಿ ನೋಡುತ್ತಿದ್ದಳು.
“ಇನ್ನೊಮ್ಮೆ.”
ಇನ್ನೊಮ್ಮೆ ಓದಿದೆ. ಒಂದು ಪದವೂ ತಪ್ಪದೆ ಹೇಳಿದಳು.
“ಎರಡನೇ ಪಾಠಕ್ಕ ಯಾವಾಗ ಬರ್ತೀರಿ?”
ರವಿವಾರ ಅಂದೆ. ಪಾಠ ಬುಧವಾರವೇ ಇದೆಯಂತೆ. ಬುಧವಾರ ನನಗೆ ಕಾಲೇಜು. ಫೋನಿನಲ್ಲಿ ಓದಬಹುದು, ಆದರೆ ತುಟಿ —