ಎಲೆಯ ಮೇಲಿದ್ದ ಉಪ್ಪು

ಅಕ್ಕಾ,

ನಿನ್ನನ್ನು ಎಬ್ಬಿಸಲಿಲ್ಲ. ಮೊದಲ ಬಸ್ಸಿಗೆ ಮತ್ತೆ ಸಮುದ್ರದ ಕಡೆ ಹೊರಟಿದ್ದೇನೆ. ಕಿಟಕಿಯಲ್ಲಿ ನಾನು ಭಾನುವಾರ ಅಲ್ಲಿಂದ ತಂದ ಗಿಡ ಕಾಣಲಿಲ್ಲ ಅಂತ ಹುಡುಕಬೇಡ, ನನ್ನ ಚೀಲದಲ್ಲಿದೆ.

ಹಾಲು ಕಾಯಿಸಿಟ್ಟಿದ್ದೇನೆ. ಎದುರು ಮನೆ ಟೀಚರ್ ಅಂಗಿಗೆ ಗುಂಡಿ ಹಾಕಿ ಮೆಷಿನ್ ಮೇಲಿಟ್ಟಿದ್ದೇನೆ, ಎಂಟಕ್ಕೆ ಬರುತ್ತಾರೆ, ಕೊಟ್ಟುಬಿಡು.

ಆ ಎಲೆಗಳ ಮೇಲಿದ್ದದ್ದು ಧೂಳಲ್ಲ ಕಣಕ್ಕ, ಉಪ್ಪು! ನೀನು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿದ್ದಲ್ಲದೆ, "ಪಾಪ, ಬಾಯಾರಿರ್ಬೇಕು" ಅಂತ ಚೊಂಬುಗಟ್ಟಲೆ ಸಿಹಿನೀರು ಬೇರೆ ಸುರಿದೆ. ಈಗ ಅದು ಕತ್ತು ವಾಲಿಸಿದೆ.

ಭಾನುವಾರ ಅಲ್ಲಿ ಏನು ಕಂಡೆ ಅಂತ ನಿನಗೆ ಸರಿಯಾಗಿ ಹೇಳಲೇ ಇಲ್ಲ. ಕಡಿದಾದ ಕರಿಬಂಡೆ, ಒಂದು ಹಿಡಿ ಮಣ್ಣಿಲ್ಲ. ಅಲೆ ಬಡಿದರೆ ಕಾಲಡಿಯ ಕಲ್ಲು ನಡುಗುತ್ತದೆ. ಅಂಥ ಕಡೆ, ಸೂಜಿ ತೂರುವಷ್ಟು ಬಿರುಕಿನಲ್ಲಿ ಈ ಗಿಡಗಳು ಬೇರಿಳಿಸಿವೆ. ಸಮುದ್ರದ ನೀರನ್ನೇ ಕುಡಿದು, ಉಪ್ಪನ್ನು ಎಲೆಯ ಮೇಲೆ ಬೆವರಿ ಹೊರಹಾಕುತ್ತವೆ. ಬಿಸಿಲು ಬಿದ್ದಾಗ ಇಡೀ ಬಂಡೆ ಜರಿ ಹೊಲಿದ ಹಾಗೆ ಮಿಂಚಿತು. ಒಂದು ಎಲೆ ನೆಕ್ಕಿಯೂ ನೋಡಿದೆ, ನಗಬೇಡ. ಬಸ್ಸು ಹತ್ತುವವರೆಗೂ ನಾಲಿಗೆಯ ಮೇಲೆ ಅದೇ ಉಪ್ಪು.

ತಪ್ಪು ನಿನ್ನದಲ್ಲ. ಅಲ್ಲಿ ಬದುಕಿಕೊಂಡಿದ್ದದ್ದನ್ನು ಬೇರುಸಹಿತ ಕಿತ್ತು ತಂದವಳು ನಾನು. ಅದೇ ಬಿರುಕಿಗೆ ಸೇರಿಸಿ ನೋಡುತ್ತೇನೆ. ಚಿಗುರಿದರೆ ನನ್ನ ಪುಣ್ಯ.

ಒಂಬತ್ತಕ್ಕೆ ಇನ್ನೊಂದು ಬಸ್ಸಿದೆ. ನಾವು ಒಂದು ದಿನ ಹೊಲಿಯದಿದ್ದರೆ ಊರೇನೂ ಬೆತ್ತಲೆ ತಿರುಗುವುದಿಲ್ಲ. ಬಂದು ಕಣ್ಣಾರೆ ನೋಡು.

ಆ ಒರೆಸುವ ಬಟ್ಟೆಯೊಂದನ್ನು ಮಾತ್ರ ಮನೆಯಲ್ಲೇ ಬಿಟ್ಟು ಬಾ.