ಹಾಲ್ ಟಿಕೆಟ್ ಬಂದ ಮೇಲೆ ಇಡ್ಲಿ

ಹಿರೀಸಾವೆ,
ಗುರುವಾರ

ಕೋಚಿಂಗ್ ಕ್ಲಾಸಿನ ಪುಟ್ಟಸ್ವಾಮಿ ಮೇಷ್ಟ್ರಿಗೆ ನಮಸ್ಕಾರ.

ದಿನಾ ಬೆಳಿಗ್ಗೆ ಹೈವೇ ಹೋಟೆಲಿನಲ್ಲಿ ನಿಮಗೆ ಇಡ್ಲಿ ಕೊಡುವ ಚಂದ್ರಕಲಾ ನಾನು, ನಿಮ್ಮ ಕ್ಲಾಸಿನ ತೇಜಶ್ರೀಯ ತಾಯಿ. ಭಾನುವಾರ ಚನ್ನರಾಯಪಟ್ಟಣದಲ್ಲಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ. ಉಳಿದ ಮಕ್ಕಳಿಗೆಲ್ಲ ಹಾಲ್ ಟಿಕೆಟ್ ಕೊಟ್ಟಿದ್ದೀರಿ, ನನ್ನ ಮಗಳಿಗೆ ಕೊಟ್ಟಿಲ್ಲ. ಅವಳು ಕೇಳಿದರೆ, "ನೀನು ಸೆಲೆಕ್ಟ್ ಆಗಾಕಿಲ್ಲ ಕಣಮ್ಮಿ, ಸುಮ್ನೆ ನಮ್ಮ ಬೋರ್ಡು ಕೆಡಿಸ್ಬ್ಯಾಡ" ಅಂದಿರಂತೆ.

ಆ ಬೋರ್ಡನ್ನು ಕಟ್ಟಿರುವುದು ನಮ್ಮ ಹೋಟೆಲಿನ ಗೋಡೆಗೇ. 'ಪರೀಕ್ಷೆಗೆ ಕೂತವರೆಲ್ಲ ಸೆಲೆಕ್ಟ್' ಎಂದು ಅದರಲ್ಲಿ ಬರೆದಿದೆ. ಸೋಲುವ ಮಕ್ಕಳನ್ನು ಕೂರಲು ಬಿಡದಿದ್ದರೆ ಹಾಗೆ ಬರೆಯಬಹುದು ಎಂದು ನನಗೆ ಈಗ ತಿಳಿಯಿತು.

ಒಂದು ವರ್ಷದಿಂದ ಅವಳು ನನ್ನ ಜೊತೆ ಎದ್ದು, ಒಂದು ಒಬ್ಬೆ ಇಡ್ಲಿ ಬೇಯುವಷ್ಟರಲ್ಲಿ ಹತ್ತು ಲೆಕ್ಕ ಮಾಡಿದ್ದಾಳೆ. ಉತ್ತರ ಪತ್ರಿಕೆಯ ಸೊನ್ನೆಗಳೊಳಗೆ ಗೆರೆ ದಾಟದ ಹಾಗೆ ಕಪ್ಪು ತುಂಬುವುದನ್ನು ಕಲಿತಿದ್ದಾಳೆ. ಪಾಸೋ ಫೇಲೋ, ಪರೀಕ್ಷೆ ಹೇಳಲಿ. ನೀವು ಹೇಳಬೇಡಿ.

ಅರ್ಜಿ ಹಾಕಿದ್ದು ನಿಮ್ಮ ಮೊಬೈಲಿನಿಂದ, ಅರ್ಜಿಯ ನಂಬರೂ ನಿಮ್ಮಲ್ಲೇ ಇದೆ. ನಾಳೆ ತಿಂಡಿಗೆ ಬರುವಾಗ ಹಾಲ್ ಟಿಕೆಟ್ ತನ್ನಿ. ಅದು ಟೇಬಲ್ಲಿನ ಮೇಲೆ ಬಂದ ಮೇಲೆ ಇಡ್ಲಿ ಬರುತ್ತದೆ. ತರದಿದ್ದರೆ ನಿಮ್ಮ ಬೋರ್ಡು ಬಿಚ್ಚಿ, ಆ ಜಾಗದಲ್ಲಿ ಈ ಕಾಗದದ ಪ್ರತಿ ಅಂಟಿಸುತ್ತೇನೆ.

ನನ್ನ ಕೈ ಹಿಟ್ಟಿನಲ್ಲಿದೆ. ನಾನು ಹೇಳಿದ್ದನ್ನೆಲ್ಲ ಬರೆದವಳು ತೇಜಶ್ರೀ. ತಪ್ಪಿದ್ದರೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ ತನ್ನಿ.

ಇಂತಿ,
ಚಂದ್ರಕಲಾ