ಚಿಟ್ಟೆಯ ಸ್ಟಿಕ್ಕರಿನ ಕೆಳಗೆ

ಅತ್ತೆಯವರಿಗೆ ನಮಸ್ಕಾರ.

ಎದುರಿಗೆ ಕೇಳಿದರೆ ನೀವು ಮಾತು ಮರೆಸುತ್ತೀರಿ, ಅದಕ್ಕೇ ಡ್ಯೂಟಿಗೆ ಹೊರಡುವ ಮುಂಚೆ ಬರೆದಿಟ್ಟಿದ್ದೇನೆ.

ನಿನ್ನೆ ಬೆಳಿಗ್ಗೆ ಪುಟ್ಟಿಯ ಸೈಕಲ್ ಹೆಲ್ಮೆಟ್ಟಿನ ಮೇಲೆ ಹೊಸದೊಂದು ಚಿಟ್ಟೆಯ ಸ್ಟಿಕ್ಕರ್ ಕಂಡೆ. ಕಿತ್ತರೆ, ಕೆಳಗೆ ಬೆರಳುದ್ದದ ಬಿರುಕು. “ಗೋಡೆಯ ಮೊಳೆಯಿಂದ ಬಿತ್ತಮ್ಮಾ” ಅಂದಳು. ಅಂದವಳು ನಿಮ್ಮ ಮುಖ ನೋಡಿದಳು. ನೀವು “ಹಾಲು ಉಕ್ತಿದೆ” ಅಂತ ಎದ್ದಿರಿ. ಒಲೆಯ ಮೇಲೆ ಹಾಲೇ ಇರಲಿಲ್ಲ.

ಬಿದ್ದಳೇನೋ ಎಂದು ಮಗುವಿನ ಮೈಯೆಲ್ಲ ತಡವಿ ನೋಡಿದೆ. ಒಂದು ತರಚು ಗಾಯವೂ ಇಲ್ಲ. ಆದರೆ ಗದ್ದದ ಪಟ್ಟಿ ಸಡಿಲವಾಗಿದೆ, ಸೈಕಲ್ಲಿನ ಸೀಟನ್ನು ನಾಲ್ಕು ಬೆರಳು ಏರಿಸಿ ಮತ್ತೆ ಇಳಿಸಿದ ಹೊಸ ಗೀರು ಕಂಬಿಯ ಮೇಲಿದೆ, ಹೆಲ್ಮೆಟ್ಟಿನ ಸ್ಪಂಜಿನಲ್ಲಿ ಉದ್ದನೆಯ ಬಿಳಿ ಕೂದಲಿದೆ. ಈ ಸೆಕೆಯಲ್ಲೂ ಮೂರು ದಿನದಿಂದ ನೀವು ಸ್ವೆಟರ್ ಬಿಚ್ಚಿಲ್ಲ.

ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಇನ್ನೊಂದು ಪೆಟ್ಟು ತಡೆಯುವುದಿಲ್ಲ, ಅತ್ತೆ. ಮೂರು ದಿನ ಮಗು ಅದನ್ನೇ ಹಾಕಿಕೊಂಡು ಮೇನ್ ರೋಡ್ ದಾಟಿದೆ. ನನ್ನ ಸಿಟ್ಟು ಅದಕ್ಕೆ, ನೀವು ಸೈಕಲ್ ಹತ್ತಿದ್ದಕ್ಕಲ್ಲ.

ಹಳೆಯದರ ಪಟ್ಟಿ ಕತ್ತರಿಸಿ ಕಸಕ್ಕೆ ಹಾಕಿದ್ದೇನೆ. ಮೊಳೆಯಲ್ಲಿ ಹೊಸವು ಎರಡಿವೆ, ದೊಡ್ಡದು ನಿಮ್ಮದು. ಮೊಣಕೈಗೆ ಮುಲಾಮು ಫ್ರಿಜ್ಜಿನ ಮೇಲಿದೆ. ಭಾನುವಾರ ಹಿಂದಿನಿಂದ ಸೈಕಲ್ ನಾನು ಹಿಡಿದುಕೊಳ್ಳುತ್ತೇನೆ. ಪುಟ್ಟಿಯ ಕೈಯಲ್ಲಿ ನಿಮ್ಮ ಭಾರ ನಿಲ್ಲುವುದಿಲ್ಲ.

ನಿಮ್ಮ ಸೊಸೆ